ಉಪ್ಪಿನ ಮರಿಗೆ

ಗೆಳೆಯಾ,

ಆರಾಮಾ? ಕುಮಟೆಯಲ್ಲಿ ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ.

ಮಕ್ಕಳಿಗೆ ಅಂತ ಒಂದು ದೆವ್ವದ ಕತೆ ಬರೆದೆ ಮಾರಾಯಾ. 1930ರ ಅಂಕೋಲೆ. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಒಂದೇ ವಾರಕ್ಕೆ, ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರು ಅಂಕೋಲೆಯಲ್ಲೂ ಉಪ್ಪಿನ ಕಾಯ್ದೆ ಮುರಿದರಲ್ಲ, ಆ ದಿನಗಳು. ಊರೆಲ್ಲ ಸತ್ಯಾಗ್ರಹದ ಗುಂಗಿನಲ್ಲಿದೆ. ಒಬ್ಬ ಹುಡುಗನ ಅಪ್ಪ ಮಾತ್ರ ಸರ್ಕಾರಿ ಉಪ್ಪಿನ ಕಚೇರಿಯಲ್ಲಿ ಜವಾನ. ಕಾಡಿಸೋದಕ್ಕೆ ಅಷ್ಟು ಸಾಕಲ್ವಾ? "ನೀನೂ ದೇಶಭಕ್ತನಾದ್ರೆ ಉಪ್ಪು ಮಣ್ಣು ತಗೊಂಡು ಬಾ" ಅಂತ ಇಬ್ಬರು ಹುಡುಗರು ಅವನನ್ನು ಹಳ್ಳದ ಕೆಸರಿಗೆ ಇಳಿಸುತ್ತಾರೆ. ನೀರು ಏರುವ ಹೊತ್ತು ಅಂತ ಇಬ್ಬರಿಗೂ ಗೊತ್ತು. ಹುಡುಗ ವಾಪಸ್ ಬರುವುದಿಲ್ಲ.

ದೆವ್ವ ಕಿರುಚುವುದಿಲ್ಲ, ಬಿಳಿ ಸೀರೆ ಉಡುವುದಿಲ್ಲ. ಆ ಇಬ್ಬರ ಮನೆಯಲ್ಲಿ ಉಪ್ಪು ಹಾಕಿಡುವ ಮರದ ಪಾತ್ರೆ, ಆ ಮರಿಗೆಯಲ್ಲಿ ಕಡು ಬೇಸಿಗೆಯಲ್ಲೂ ಉಪ್ಪು ನೀರಾಗುತ್ತದೆ. ಬೆಳಿಗ್ಗೆ ಸಗಣಿ ಸಾರಿಸಿದ ನೆಲದ ಮೇಲೆ ಸಣ್ಣ ಹೆಜ್ಜೆಗಳು. ಒಣಗಿದ ಮೇಲೆ ಬೆಳ್ಳಗೆ ಪುಡಿ ಏಳುತ್ತದೆ. ಅಮ್ಮ ಬೆರಳಲ್ಲಿ ಮುಟ್ಟಿ ನೆಕ್ಕಿ ನೋಡುತ್ತಾಳೆ, ಉಪ್ಪು. ಅಷ್ಟೇ ದೆವ್ವ.

ನನ್ನ ಮಗಳು ಓದಿ, "ಅವರಿಗ್ಯಾಕೆ ಅವನ ಮೇಲೆ ಅಷ್ಟು ಸಿಟ್ಟು?" ಅಂದಳು. ಸಿಟ್ಟೇ ಇರಲಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ?

ನಿನಗೆ ಗೊತ್ತಾಗಿರಬೇಕು. ಏಳನೇ ಕ್ಲಾಸು, ಆಷಾಢದ ಮಳೆ. ನಮ್ಮ ಕ್ಲಾಸಿನ ಆ ಹುಡುಗನ ಕೊಡೆ ಬಚ್ಚಿಟ್ಟದ್ದು ನಾನು, ಐಡಿಯಾ ನಿನ್ನದು. ಮರದ ಹಿಡಿಯ ಕರೀ ಕೊಡೆ, ಒಂದು ಕಡ್ಡಿಗೆ ತಂತಿ ಸುತ್ತಿತ್ತು. ಪಾಟಿಚೀಲವನ್ನು ಅಂಗಿಯೊಳಗೆ ಹಾಕಿಕೊಂಡು ಗದ್ದೆ ಹಾಳಿಯ ಮೇಲೆ ಓಡಿದ. ನಾವು ಜಗಲಿಯಲ್ಲಿ ನಿಂತು ನಕ್ಕೆವು. ಎರಡು ವಾರ ಜ್ವರ ಅಂದರು. ಆಮೇಲೆ ಶಾಲೆಗೇ ಬರಲಿಲ್ಲ. ಜ್ವರಕ್ಕೇ ಬಿಟ್ಟನೋ ನಮಗೇ ಬಿಟ್ಟನೋ, ನಾವು ಕೇಳಲೂ ಇಲ್ಲ. ಕೊಡೆ ಇನ್ನೂ ನಮ್ಮನೆ ಅಟ್ಟದಲ್ಲಿದೆ.

ಕತೆಯಲ್ಲಿ ಅವನನ್ನು ಸಾಯಿಸಿದ್ದು ಯಾಕೆ ಅಂತ ಈಗ ಅನಿಸುತ್ತಿದೆ. ಸತ್ತವನ ಜೊತೆ ಮಾತಾಡುವ ಕಷ್ಟ ಇಲ್ಲ, ನೋಡು.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ತಲೆ ನರೆತಿದೆ. ಅವನೇ ಗುರುತು ಹಿಡಿದು "ಆರಾಮನೋ?" ಅಂದ. ಚಾ ಕುಡಿಸಿದ, ದುಡ್ಡೂ ಅವನೇ ಕೊಟ್ಟ. ಕೊಡೆಯ ಮಾತು ನನ್ನ ಬಾಯಿಗೆ ಬರಲೇ ಇಲ್ಲ.

ನಿನ್ನ ನಂಬರ್ ಕೇಳಿದ. ಕೊಟ್ಟಿದ್ದೇನೆ.

ನಿನ್ನವನೇ