ಕೈಯಲ್ಲಿರುವ ಕೆಲಸದಲ್ಲೇ ನೆಮ್ಮದಿ

ಮಾನ್ಯ ಸಂಪಾದಕರೇ,

‘ನಿನ್ನೆಯನ್ನು ಬಿಡಿ, ನಾಳೆಯನ್ನು ಮರೆಯಿರಿ, ಈ ಕ್ಷಣದಲ್ಲಿ ಬದುಕಿ’ ಎಂಬ ಉಪದೇಶ ಬೆಳಗಿನ ವಾಟ್ಸ್‌ಆ್ಯಪ್ ಸಂದೇಶಗಳಿಂದ ಹಿಡಿದು ಪತ್ರಿಕೆಗಳ ಅಧ್ಯಾತ್ಮ ಅಂಕಣದವರೆಗೆ ಎಲ್ಲೆಡೆ ಕಾಣಸಿಗುತ್ತಿದೆ. ಚಿತ್ರದುರ್ಗದಂಥ ಊರಿನಲ್ಲೂ ವಾರಾಂತ್ಯದ ಧ್ಯಾನ ಶಿಬಿರಗಳ ಕರಪತ್ರಗಳು ದಿನಪತ್ರಿಕೆಯ ಮಡಿಕೆಯೊಳಗೆ ಸೇರಿಕೊಂಡು ಮನೆ ಬಾಗಿಲಿಗೆ ಬರುತ್ತಿವೆ. ಈ ಉಪದೇಶದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅದರ ಅರ್ಧದಷ್ಟನ್ನೇ ಹೇಳಲಾಗುತ್ತಿದೆ, ಹೇಳದೆ ಉಳಿದ ಅರ್ಧ ನಮ್ಮ ಜಿಲ್ಲೆಯಲ್ಲೇ ಕಣ್ಣೆದುರಿಗಿದೆ ಎಂಬುದು ನನ್ನ ಅನಿಸಿಕೆ.

ಇಂದಿನ ಶಿಬಿರಗಳಲ್ಲಿ ಕಲಿಸುವ ಕ್ರಮಕ್ಕೆ ದೊಡ್ಡ ಪ್ರಚಾರ ಸಿಕ್ಕಿದ್ದು ಅಮೆರಿಕದಿಂದ. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್‌-ಜಿನ್ ಅವರು ಬಹುಕಾಲದ ನೋವಿನಿಂದ ಬಳಲುತ್ತಿದ್ದ ರೋಗಿಗಳಿಗಾಗಿ ಕೆಲವು ವಾರಗಳ ತರಬೇತಿ ಆರಂಭಿಸಿದರು. ಬೌದ್ಧ ಧ್ಯಾನದಿಂದ ಉಸಿರಿನ ಮೇಲೆ ಗಮನವಿಡುವ ಅಭ್ಯಾಸವನ್ನು ತೆಗೆದುಕೊಂಡು ಅದನ್ನು ಆಸ್ಪತ್ರೆಗೆ ಒಗ್ಗುವಂತೆ ಮಾಡಿದ್ದು ಅವರ ಸಾಧನೆ. ರೋಗಿಗೆ ಅಷ್ಟು ಸಾಕು. ಆದರೆ ಬೌದ್ಧ ಮಾರ್ಗದಲ್ಲಿ ಧ್ಯಾನವು ಶೀಲವನ್ನು, ಅಂದರೆ ಒಳ್ಳೆಯ ನಡತೆಯನ್ನು, ಬಿಟ್ಟು ಒಂಟಿಯಾಗಿ ನಿಂತಿರಲಿಲ್ಲ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬಹುದು. ಅಲ್ಲಿನ ಬಂಡೆಯ ಮೇಲೆ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕ ಬರೆಸಿದ ಶಾಸನವಿದೆ. ಬುದ್ಧನ ಗೃಹಸ್ಥ ಅನುಯಾಯಿಯಾಗಿ, ಅಂದರೆ ಉಪಾಸಕನಾಗಿ, ಎರಡೂವರೆ ವರ್ಷ ಕಳೆದಿದ್ದರೂ ಮೊದಲ ಒಂದು ವರ್ಷ ತಾನು ಹೆಚ್ಚೇನೂ ಶ್ರಮಿಸಲಿಲ್ಲವೆಂದು ಚಕ್ರವರ್ತಿಯೇ ಅದರಲ್ಲಿ ಹೇಳಿಕೊಂಡಿದ್ದಾನೆ. ಈ ಸಾಧನೆಯ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲರು ಎಂದೂ ಸಾರಿದ್ದಾನೆ. ಮುಂದುವರಿದು ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎನ್ನುತ್ತದೆ ಶಾಸನ. ಒಂದಷ್ಟು ಹೊತ್ತು ಕಣ್ಣು ಮುಚ್ಚಿ ಕುಳಿತು, ಕಣ್ಣು ತೆರೆದ ಕೂಡಲೇ ಮನೆಯವರ ಮೇಲೆ ರೇಗುವವರು ಇದನ್ನೊಮ್ಮೆ ಓದಬೇಕು.

ಅದೇ ತಾಲ್ಲೂಕಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಗಳಿವೆ. ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರರನ್ನು ಮಾತನಾಡಿಸಿ ನೋಡಿ: ಉತ್ತರ ಕೊಡುತ್ತಾರೆ, ಆದರೆ ಮಗ್ಗದ ಹಾಸಿನ ಎಳೆಗಳ ಮೇಲಿಟ್ಟ ಕಣ್ಣನ್ನು ಎತ್ತುವುದಿಲ್ಲ. ಲಾಳಿ ಅತ್ತಿಂದಿತ್ತ ಓಡುತ್ತಿರುವಾಗ ಕೂದಲಿಗಿಂತ ಸಣ್ಣದಾದ ಒಂದು ಎಳೆ ಕಡಿದರೂ ಅವರಿಗೆ ತಿಳಿಯುತ್ತದೆ. ಕೈ ನಿಲ್ಲುತ್ತದೆ, ಕಡಿದ ತುದಿಗಳನ್ನು ಹುಡುಕಿ ಬೆರಳ ನಡುವೆ ಹೊಸೆದು ಕೂಡಿಸಿದ ಮೇಲೆಯೇ ಮಗ್ಗ ಮತ್ತೆ ಆಡುತ್ತದೆ. ಗಮನ ತಪ್ಪಿ ನಾಲ್ಕು ಬೆರಳು ಮುಂದೆ ಹೋದರೆ ಬಟ್ಟೆಯ ಮೇಲೆ ಗೆರೆ ಉಳಿದುಬಿಡುತ್ತದೆ. ಧ್ಯಾನ ಮಾಡುತ್ತಿದ್ದೇವೆ ಎಂದು ಅವರು ಹೇಳಿಕೊಳ್ಳುವುದಿಲ್ಲ. ಆದರೂ ಮನಸ್ಸು ಅಲೆದಾಡಿದ್ದನ್ನು ಆ ಕ್ಷಣವೇ ಗುರುತಿಸಿ ಮರಳಿ ತರುವ ಅಭ್ಯಾಸ ಇದಕ್ಕಿಂತ ಬೇರೆಯೇನೂ ಅಲ್ಲ.

ಇಷ್ಟು ಹೇಳಿ ನೇಕಾರರ ಬದುಕು ನೆಮ್ಮದಿಯದು ಎಂದು ಬಣ್ಣ ಬಳಿಯುವುದು ತಪ್ಪಾಗುತ್ತದೆ. ನೂಲಿನ ಬೆಲೆ, ಪವರ್‌ಲೂಮ್ ಸೀರೆಯ ಪೈಪೋಟಿ, ಮಗಳ ಕಾಲೇಜು ಶುಲ್ಕ ಇವೆಲ್ಲ ಅವರ ತಲೆಯಲ್ಲಿ ಇದ್ದೇ ಇರುತ್ತವೆ. ಸಾಲದ ಕಂತು ಕಟ್ಟಬೇಕಾದವರಿಗೆ, ಮಳೆ ಕೈಕೊಟ್ಟು ಶೇಂಗಾ ಒಣಗಿದ ಚಳ್ಳಕೆರೆಯ ರೈತರಿಗೆ ‘ನಾಳೆಯನ್ನು ಮರೆಯಿರಿ’ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಹಾಗೆಯೇ ಮನಸ್ಸು ತೀರಾ ಕುಸಿದವರಿಗೆ ಉಸಿರು ಗಮನಿಸಿ ಎಂದಷ್ಟೇ ಹೇಳಿ ಕಳಿಸಬಾರದು. ಅವರಿಗೆ ವೈದ್ಯರು ಬೇಕು, ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಕೂಡ ಇದೆ.

ನಾಳೆಯ ಚಿಂತೆಗೂ ನಾಳೆಯ ಕೆಲಸಕ್ಕೂ ಇರುವ ಅಂತರವನ್ನು ನನಗೆ ತಿಳಿದಂತೆ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಗಳಷ್ಟು ಸರಳವಾಗಿ ತೋರಿಸಿಕೊಟ್ಟವರು ಈ ಭಾಗದಲ್ಲಿ ವಿರಳ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಜಿಲ್ಲೆಯ ಮಕ್ಕಳ ಬಾಯಲ್ಲೂ ಇದೆ. ಇಂದು ಎಷ್ಟು ದುಡಿದೆನೋ ಅಷ್ಟೇ ನನ್ನದು, ಅದಕ್ಕಿಂತ ಹೆಚ್ಚಿನ ಆಸೆಯೂ ಬೇಡ, ಬರಲಿಲ್ಲವೆಂಬ ಕೊರಗೂ ಬೇಡ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಹೀಗೆಂದವರು ನಾಳೆಯನ್ನು ಮರೆತು ಕುಳಿತರೇ? ಬರದ ಸೀಮೆಯಲ್ಲಿ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು. ಕೆರೆ ಕಟ್ಟುವವರು ಮುಂದಿನ ತಲೆಮಾರಿನ ನೀರನ್ನು ನೆನೆದೇ ಕಟ್ಟುತ್ತಾರೆ; ಆದರೆ ಕೈ ಮಾತ್ರ ಇಂದಿನ ಮಣ್ಣಿನ ಬುಟ್ಟಿಯ ಮೇಲಿರುತ್ತದೆ. ಮಳೆ ಬರುವುದೋ ಇಲ್ಲವೋ ಎಂದು ಏರಿಯ ಮೇಲೆ ಕುಳಿತು ಕೊರಗಿದ್ದರೆ ಒಂದು ಕೆರೆಯೂ ಏಳುತ್ತಿರಲಿಲ್ಲ.

ಅವರದೇ ಜಾತ್ರೆಯಲ್ಲಿ ಈಗ ಏನಾಗುತ್ತಿದೆ ನೋಡಿ. ರಥ ಕದಲುವ ಹೊತ್ತಿಗೆ ಕೈ ಮುಗಿಯಬೇಕಾದವರ ಕೈಗಳಲ್ಲಿ ಮೊಬೈಲ್ ಇರುತ್ತದೆ. ಒಣ ಕೊಬ್ಬರಿ ಸುಟ್ಟು ಹರಕೆ ತೀರಿಸುವವರು ಕೂಡ, ಕಣ್ಣಿಗೆ ಹೊಗೆ ಹೊಡೆಯುತ್ತಿದ್ದರೂ ಒಂದು ಕೈಯಲ್ಲಿ ವಿಡಿಯೊ ಮಾಡುತ್ತಿರುತ್ತಾರೆ. ಇದನ್ನು ಯುವಕರ ತಪ್ಪೆಂದು ತಳ್ಳಿಹಾಕುವಂತಿಲ್ಲ, ನನ್ನ ವಯಸ್ಸಿನವರೇ ಇದರಲ್ಲಿ ಮುಂದಿದ್ದಾರೆ. ಊರಿನ ನೆಂಟರಿಗೆ ಆಮೇಲೆ ತೋರಿಸುವ ಆತುರದಲ್ಲಿ, ವರ್ಷವಿಡೀ ಕಾದು ಬಂದ ಆ ಗಳಿಗೆಯನ್ನೇ ಅವರು ನೋಡುವುದಿಲ್ಲ. ರಥ ಎಳೆಯುವಷ್ಟು ಹೊತ್ತಾದರೂ ಮೊಬೈಲ್ ಜೇಬಿನಲ್ಲಿರಲಿ ಎಂದು ದೇವಸ್ಥಾನದ ಧ್ವನಿವರ್ಧಕದಲ್ಲಿ ಪ್ರಕಟಿಸಲು ಖರ್ಚೇನೂ ಇಲ್ಲ. ಮುಂದಿನ ಫಾಲ್ಗುಣದ ಜಾತ್ರೆಗೆ ಸಂಬಂಧಪಟ್ಟವರು ಇದನ್ನು ಯೋಚಿಸಬಹುದು.

ತಮ್ಮಲ್ಲೂ ಒಂದು ಬಿನ್ನಹವಿದೆ. ಅಧ್ಯಾತ್ಮ ಅಂಕಣವನ್ನು ವಾರಕ್ಕೊಮ್ಮೆಯಾದರೂ ಪ್ರವಚನಕಾರರಿಂದ ಬಿಡಿಸಿ, ಮೊಳಕಾಲ್ಮೂರಿನ ನೇಕಾರರು, ಕೆರೆಯ ನೀರುಗಂಟಿಗಳು, ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುವ ದಾದಿಯರು ಇಂಥವರನ್ನು ಕೇಳಿ ಬರೆಸಿರಿ. ಕೆಲಸದ ನಡುವೆ ಮನಸ್ಸು ಎಲ್ಲಿಗೆ ಓಡುತ್ತದೆ, ಅದನ್ನು ಹೇಗೆ ಹಿಂದಕ್ಕೆ ಕರೆತರುತ್ತೀರಿ ಎಂಬ ಪ್ರಶ್ನೆಯೊಂದನ್ನೇ ಕೇಳಿದರೂ ಸಾಕು.

– ನಿವೃತ್ತ ಶಿಕ್ಷಕ, ಚಿತ್ರದುರ್ಗ