ಸಿಸ್ಟರ್‌ಗಳ ನೆನಪು ದಾಖಲಾಗಲಿ

ಮಾನ್ಯರೇ,

ಕರಾವಳಿಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಕ್ಯಾಥೊಲಿಕ್ ಧರ್ಮಭಗಿನಿಯರ ಬದುಕು ಕನ್ನಡದಲ್ಲಿ ದಾಖಲಾಗಿರುವುದು ತೀರಾ ಕಡಿಮೆ. ಕಾನ್ವೆಂಟ್ ಎಂದರೆ ನಮಗೆ ಇಂಗ್ಲಿಷ್ ಶಾಲೆ. ಅದು ಅವರು ಒಟ್ಟಾಗಿ ಬಾಳುವ ಮನೆ ಎಂಬುದೇ ಮರೆತುಹೋಗಿದೆ.

ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಅವರೇ 1921ರಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. ಕಟ್ಟಡಗಳ ಶತಮಾನೋತ್ಸವವನ್ನೇನೋ ಆಚರಿಸುತ್ತೇವೆ. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟು, ಸಂಬಳವನ್ನೂ ಮಠದ ಸಾಮಾನ್ಯ ನಿಧಿಗೆ ಒಪ್ಪಿಸಿದವರನ್ನು ಕೇಳುವವರಿಲ್ಲ. ನನಗೆ ಗಣಿತ ಕಲಿಸಿದ ಸಿಸ್ಟರ್ ಈಗ ನಿವೃತ್ತರು. ಕಳೆದ ತಿಂಗಳು ಕಂಡಾಗ ಜಪಸರವನ್ನು ಮಡಿಲಲ್ಲಿಟ್ಟು, ಅಡುಗೆಮನೆಗೆಂದು ಬೀನ್ಸ್‌ ನಾರು ಬಿಡಿಸುತ್ತಿದ್ದರು. ಸಂಜೆಯ ಪ್ರಾರ್ಥನೆಯ ಗಂಟೆ ಬಾರಿಸಿದ್ದೇ ತಡ, ಅರ್ಧ ಹೇಳಿದ ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. (ತರಗತಿಯಲ್ಲೂ ಹಾಗೆಯೇ, ಗಂಟೆಯಾದ ಮೇಲೆ ಒಂದು ಲೆಕ್ಕವನ್ನೂ ಮುಂದುವರಿಸುತ್ತಿರಲಿಲ್ಲ.)

ಹಳೆಯ ವಿದ್ಯಾರ್ಥಿನಿಯರ ಸಂಘಗಳು ಪುನರ್ಮಿಲನದ ಊಟದ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಹಿರಿಯ ಭಗಿನಿಯರ ನೆನಪುಗಳನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಲಿ. ಕಾಲೇಜುಗಳ ಇತಿಹಾಸ ವಿಭಾಗಗಳು ಅವನ್ನು ಕನ್ನಡ, ಕೊಂಕಣಿ, ತುಳುವಿನಲ್ಲಿ ಬರಹಕ್ಕಿಳಿಸಿ ಗ್ರಂಥಾಲಯದಲ್ಲಿ ಇರಿಸಲಿ.

– ಹಳೆಯ ವಿದ್ಯಾರ್ಥಿನಿ, ಮಂಗಳೂರು