ಸೊರಗು ರೋಗದ ಹೊಲವೊಂದನ್ನು ಗುತ್ತಿಗೆ ಹಿಡಿಯಿರಿ: ತೋಟಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರೇ,

ಹಿರಿಯೂರು ಸೀಮೆಯ ಏಲಕ್ಕಿ ಬಾಳೆ ಬೆಳೆಗಾರನ ನಮಸ್ಕಾರಗಳು.

1933ರ ಬಳಿಕ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ ನಮ್ಮ ನೀರಿನ ಚಿಂತೆ ತಗ್ಗಿತು. ಈಗಿನ ಚಿಂತೆ ಮಣ್ಣಿನದು. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು ದಿಂಡಿನ ಸುತ್ತ ಜೋತುಬೀಳುತ್ತವೆ; ಬುಡ ಸೀಳುತ್ತದೆ. ಗಡ್ಡೆ ಕಡಿದರೆ ಒಳಗೆ ಕೆಂಗಂದು ಗೆರೆಗಳು. ಇದು ಪನಾಮ ಸೊರಗು ರೋಗ. ನಂಜನಗೂಡು ರಸಬಾಳೆಯನ್ನು ಮೂಲೆಗೆ ತಳ್ಳಿದ್ದೂ ಇದೇ.

ಅಂಗಾಂಶ ಕೃಷಿ ಸಸಿಗೆ ಸರ್ಕಾರ ಸಹಾಯಧನ ಕೊಡುತ್ತದೆ, ಸಂತೋಷ. ಆ ಸಸಿ ರೋಗವಿಲ್ಲದೆ ಬರುತ್ತದೆಯೇ ಹೊರತು ರೋಗ ತಡೆಯುವ ಶಕ್ತಿ ಹೊತ್ತು ಬರುವುದಿಲ್ಲ. ಈ ರೋಗ ತರುವ ಶಿಲೀಂಧ್ರವೋ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಪಚ್ಚಬಾಳೆ ಹಾಕಿ ಎನ್ನುವವರಿದ್ದಾರೆ. ಆದರೆ ಬಿಹಾರದಲ್ಲಿ ಕಾಣಿಸಿಕೊಂಡಿರುವ, ಇದೇ ಶಿಲೀಂಧ್ರದ ಟಿಆರ್-4 ಎಂಬ ಬಗೆ ಪಚ್ಚಬಾಳೆಯನ್ನೂ ಬಿಡುವುದಿಲ್ಲ.

ತಳಿಯೇ ಬದಲಾಗಬೇಕು. ತೊಡಕು ಅಲ್ಲಿಯೇ ಇದೆ. ತಿನ್ನುವ ಬಾಳೆಯಲ್ಲಿ ಬೀಜವಿಲ್ಲ. ಕಂದು ಕಿತ್ತು ನೆಟ್ಟದ್ದೆಲ್ಲ ತಾಯಿಯ ಪಡಿಯಚ್ಚು. ರೋಗ ತಡೆಯುವ ಗುಣ ಕೆಲವು ಕಾಡುಬಾಳೆಗಳಲ್ಲಿದೆ. ಅದನ್ನು ಸಂಕರದಿಂದ ತರಲು ಹೊರಟರೆ, ಹುಟ್ಟಿದ ಸಸಿಗಳನ್ನೆಲ್ಲ ಗೊನೆ ಬಿಡುವವರೆಗೆ ಸಾಕಿ, ಬಹುಪಾಲನ್ನು ಕಡಿದೆಸೆಯಬೇಕು. 2012ರಲ್ಲಿ ಪಹಾಂಗ್ ಎಂಬ ಕಾಡುಬಾಳೆ ಮೂಲದ ಗಿಡದ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎಯ ನಕ್ಷೆ, ಪ್ರಕಟವಾಯಿತು: 11 ವರ್ಣತಂತು, 36,000ಕ್ಕೂ ಹೆಚ್ಚು ಜೀನ್. ಇಂಥ ನಕ್ಷೆ ಕೈಯಲ್ಲಿದ್ದರೆ ಎಳೆ ಸಸಿಯ ಎಲೆಚೂರಿನಿಂದಲೇ ಡಿಎನ್‌ಎ ತೆಗೆದು, ನಿರೋಧಕ ಗುಣದ ಭಾಗ ಇಳಿದು ಬಂದಿದೆಯೇ ಎಂದು ನೋಡಿ, ಬೇಡದ್ದನ್ನು ನರ್ಸರಿಯಲ್ಲೇ ಬಿಡಬಹುದು. ಆಫ್ರಿಕಾದ ತಳಿ ವಿಜ್ಞಾನಿಗಳು ಮರಗೆಣಸಿನಲ್ಲಿ ಜೀನೋಮ್ ಆಧರಿಸಿಯೇ ಸಸಿ ಆಯುತ್ತಿದ್ದಾರೆ. ಕುಲಾಂತರಿ ಎಂದು ಯಾರೂ ಹೌಹಾರಬೇಕಿಲ್ಲ. ಇಲ್ಲಿ ಜೀನ್ ಓದುತ್ತಾರೆ, ಹೊರಗಿನದನ್ನು ತುರುಕುವುದಿಲ್ಲ.

ಹೊಸ ಪ್ರಯೋಗಾಲಯ ಕಟ್ಟಿ ಎಂದು ಕೇಳುತ್ತಿಲ್ಲ (ಶಂಕುಸ್ಥಾಪನೆಯ ಕಲ್ಲುಗಳು ನಮ್ಮಲ್ಲಿ ಸಾಕಷ್ಟಿವೆ). ತಿರುಚಿರಾಪಳ್ಳಿಯಲ್ಲಿ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವಿದೆ, ನಮ್ಮ ಬಗಲಲ್ಲೇ ಬಬ್ಬೂರು ಕೃಷಿ ಸಂಶೋಧನಾ ಫಾರಂ ಇದೆ. ಪ್ರಯೋಗಾಲಯದಲ್ಲಿ ಪಾಸಾದ ಸಸಿ ನಮ್ಮ ಮಣ್ಣಿನಲ್ಲಿ ಫೇಲಾಗಬಹುದು. ಆದ್ದರಿಂದ ರೋಗವನ್ನು ಫಾರಂಗೆ ಒಯ್ಯದೆ, ಈಗಾಗಲೇ ರೋಗ ಕೂತಿರುವ ರೈತನ ಹೊಲವೊಂದನ್ನು ಗುತ್ತಿಗೆ ಹಿಡಿದು, ತಿರುಚಿಯ ಸಂಕರ ಸಸಿಗಳನ್ನೂ ನಮ್ಮ ಏಲಕ್ಕಿಯನ್ನೂ ಅಕ್ಕಪಕ್ಕ ನೆಡಿಸಿ. ಮೂರು ಬೆಳೆ ನೋಡಲಿ. ಹಣ್ಣಿನ ರುಚಿ ನೋಡಲು ದಾವಣಗೆರೆಯ ಮಂಡಿಯವರನ್ನೂ ಕರೆಯಿರಿ. ಏಲಕ್ಕಿಯ ತೆಳು ಸಿಪ್ಪೆ, ಆ ಘಮ ಇಲ್ಲದಿದ್ದರೆ ರೋಗ ಗೆದ್ದ ಗೊನೆಯನ್ನೂ ಅವರು ಮುಟ್ಟುವುದಿಲ್ಲ.

ಮುಂದಿನ ಬಜೆಟ್ಟಿಗೆ ಪಟ್ಟಿ ಸಿದ್ಧವಾಗುವ ಮುನ್ನ ಇಷ್ಟನ್ನು ಸೇರಿಸಬೇಕೆಂದು ವಿನಂತಿ. ಹೊಲ ತೋರಿಸಲು ನಾವು ಸಿದ್ಧ. ಅಂಥ ಹೊಲಗಳಿಗೆ ಇಲ್ಲಿ ಬರವಿಲ್ಲ.

ಇಂತಿ,
ಹಿರಿಯೂರು ತಾಲ್ಲೂಕಿನ ಬಾಳೆ ಬೆಳೆಗಾರ